ಕಾಲು ಸುತ್ತು

"ಇದು ಚಕ್ರನೋ, ಗಾಳಿಗೆ ಒಣಗೋಕೆ ಹಾಕಿದ ಲಂಗನೋ?"

ಸೈಕಲ್ ರಿಪೇರಿ ಅಂಗಡಿಯ ಪಂಚರ್ ಅತ್ತೆ ಸೈಕಲನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ, ಮುಂದಿನ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿದರು. ಚಕ್ರ ಅತ್ತ ವಾಲಿ, ಇತ್ತ ವಾಲಿ, ಬ್ರೇಕಿನ ರಬ್ಬರಿಗೆ ಸರ್ರನೆ ಉಜ್ಜಿ ನಿಂತುಬಿಟ್ಟಿತು.

"ಮೋರಿ ಕಲ್ಲಿಗೆ ಹೊಡೀತು ಅತ್ತೆ. ನಾಯಿ ಅಡ್ಡ ಬಂತು," ಎಂದಳು ಚಿಟ್ಟೆ.

"ಎಲ್ಲರಿಗೂ ನಾಯಿನೇ ಅಡ್ಡ ಬರೋದು. ಇಷ್ಟು ವರ್ಷ ಆಯ್ತು, ಒಂದು ನಾಯಿಯೂ ಬಂದು ಸಾಕ್ಷಿ ಹೇಳಿಲ್ಲ."

ಬೇರೆ ದಿನವಾಗಿದ್ದರೆ ಚಿಟ್ಟೆ ನಗುತ್ತಿದ್ದಳು. ಆದರೆ ಈ ಸೈಕಲ್ ಅವಳದಲ್ಲ, ಅಕ್ಕನದು. ಕೀಬೋರ್ಡ್ ಕ್ಲಾಸಿಗೆ ನಡೆದು ಹೋಗಲು ಬೇಜಾರಾಗಿ, ಅಕ್ಕನನ್ನು ಕೇಳದೆ ತಂದಿದ್ದಳು. ಅಕ್ಕ ನರ್ಸಿಂಗ್ ಓದುತ್ತಿದ್ದಳು. ನಾಳೆಯಿಂದ ಅವಳಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ಐದೂವರೆಗೆ ಮನೆ ಬಿಡಬೇಕು. ಆ ಹೊತ್ತಿಗೆ ಬಸ್ಸಿಲ್ಲ.

"ಇವತ್ತೇ ಸರಿ ಮಾಡಿಕೊಡಿ ಅತ್ತೆ, ಪ್ಲೀಸ್."

"ಬೆಂಡ್ ತೆಗೆಯೋಕೆ ಟೈಮ್ ಬೇಕು, ತಾಳ್ಮೆ ಬೇಕು. ಇವತ್ತು ನನ್ನ ಹತ್ರ ಎರಡೂ ಇಲ್ಲ." ಅತ್ತೆ ಗಲ್ಲದಿಂದಲೇ ಬಾಗಿಲಿನ ಕಡೆ ತೋರಿಸಿದರು. ಅಲ್ಲಿ ಎಂಟು ಸೈಕಲ್ಲುಗಳು ಒಂದರ ಮೈಮೇಲೆ ಒಂದು ಒರಗಿ ನಿಂತಿದ್ದವು. "ಸೋಮವಾರ ಬಾ."

"ಟೈಮ್ ನನ್ನ ಹತ್ರ ಇದೆ," ಎಂದಳು ಚಿಟ್ಟೆ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

"ತಾಳ್ಮೆ?"

ಚಿಟ್ಟೆ ಎಂಬುದು ಅಜ್ಜಿ ಇಟ್ಟ ಹೆಸರು. "ಈ ಹೂವಿನ ಮೇಲೆ ಕೂತಳು ಅನ್ನೋಷ್ಟರಲ್ಲಿ ಇನ್ನೊಂದರ ಮೇಲಿರ್ತಾಳೆ," ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಕರಾಟೆ ಮೂರು ವಾರಕ್ಕೆ ನಿಂತಿತ್ತು. ಚಿತ್ರಕಲೆಯಲ್ಲಿ ಅರ್ಧ ದೋಣಿ ಆಗಿತ್ತು. ಉಳಿದರ್ಧ ಇನ್ನೂ ಬಂದಿರಲಿಲ್ಲ. ಅವಳು ಹೆಣೆದ ಮಫ್ಲರ್ ಇಲಿಯ ಕುತ್ತಿಗೆಗೆ ಸರಿಹೋಗುವಷ್ಟು ಉದ್ದವಿತ್ತು. ಕೀಬೋರ್ಡ್ ಸೇರಿಸುವಾಗ ಅಮ್ಮ, "ಇದೇ ಕೊನೆ. ಇದನ್ನೂ ಬಿಟ್ಟರೆ ಇನ್ನು ಯಾವ ಕ್ಲಾಸಿನ ಸುದ್ದಿಯನ್ನೂ ಎತ್ತಬೇಡ," ಎಂದಿದ್ದಳು.

ಅತ್ತೆ ಡಬ್ಬಿಯೊಳಗೆ ಕೈಯಾಡಿಸಿ, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದ ಒಂದು ಕಬ್ಬಿಣದ ಬಿಲ್ಲೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

"ಸ್ಪೋಕ್ ಕೀ. ಕೇಳಿಸ್ಕೋ, ಒಂದೇ ಸಲ ಹೇಳೋದು. ಕಡ್ಡಿ ರಿಮ್ಮಿಗೆ ಸೇರೋ ಕಡೆ ಚಿಕ್ಕ ನಟ್ ಇದೆಯಲ್ಲ, ಅದಕ್ಕೆ ಇದನ್ನ ಕಚ್ಚಿಸಿ ತಿರುಗಿಸಬೇಕು. ಅರ್ಧ ಕಡ್ಡಿಗಳು ಈ ಕಡೆಯಿಂದ ಎಳೀತವೆ, ಅರ್ಧ ಆ ಕಡೆಯಿಂದ. ರಿಮ್ ಈ ಕಡೆಗೆ ಉಬ್ಬಿದ್ರೆ, ಅಲ್ಲಿ ಆ ಕಡೆಯ ಕಡ್ಡಿ ಬಿಗಿ ಮಾಡು. ಕಾಲು ಸುತ್ತು. ಅದಕ್ಕಿಂತ ಜಾಸ್ತಿ ಬೇಡ."

ಅಷ್ಟು ಹೇಳಿ ಅವರು ಟ್ಯೂಬಿಗೆ ಗಾಳಿ ಹಾಕಲು ಹೋದರು.

ಚಿಟ್ಟೆ ಸಣ್ಣ ಸ್ಟೂಲ್ ಎಳೆದುಕೊಂಡು ಕೂತಳು. ಬ್ರೇಕಿನ ರಬ್ಬರಿಗೆ ತಾಗುವ ಜಾಗ ಸಿಕ್ಕಿತು. ಬಗ್ಗಿ ನೋಡಿ, ಆ ಕಡೆಯ ಕಡ್ಡಿಗೆ ಕೀ ಕಚ್ಚಿಸಿದಳು. ಬಾಟಲಿಯ ಮುಚ್ಚಳವನ್ನು ಬಲಕ್ಕೆ ತಿರುಗಿಸಿದರೆ ಬಿಗಿ, ನಲ್ಲಿಯೂ ಹಾಗೆಯೇ. ಬಲಕ್ಕೆ ಕಾಲು ಸುತ್ತು ತಿರುಗಿಸಿದಳು.

ಚಕ್ರ ತಿರುಗಿಸಿದಳು. ಸರ್ರ್.

ಇನ್ನೊಂದು ಕಾಲು ಸುತ್ತು. ಆ ಕಡೆಯವೇ ಆದ ಅಕ್ಕಪಕ್ಕದ ಕಡ್ಡಿಗಳಿಗೂ ಒಂದೊಂದು. ಸರ್ರ್ ಎನ್ನುತ್ತಿದ್ದ ಚಕ್ರ ಈಗ ಕರ್ರ್ ಎನ್ನತೊಡಗಿತು. ಅರ್ಧ ಸುತ್ತು ಹಾಕಿದಳು. ಆಮೇಲೆ ಚಕ್ರ ತಿರುಗಲೇ ಇಲ್ಲ.

"ಅತ್ತೆ, ಇದು ಇನ್ನೂ ಹಾಳಾಯ್ತು!"

"ಹಾಳಾಗಿದ್ದನ್ನ ಹಾಳು ಮಾಡೋಕಾಗಲ್ಲ, ಬಿಡು," ಎಂದರು ಅತ್ತೆ, ಟೈರಿನಿಂದ ತಲೆಯೆತ್ತದೆ.

ಚಿಟ್ಟೆ ಕೀಯನ್ನು ನೆಲದ ಮೇಲಿಟ್ಟಳು. ಇಂಥ ಜಾಗ ಅವಳಿಗೆ ಹೊಸದಲ್ಲ. ಕರಾಟೆಯಲ್ಲೂ ಬಂದಿತ್ತು, ದೋಣಿಯ ಚಿತ್ರದಲ್ಲೂ ಬಂದಿತ್ತು. ಇಲ್ಲಿಗೆ ಬಂದಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು. ಈಗಲೂ ಏಳಬೇಕೆಂದುಕೊಂಡಳು. ಏಳುವ ಮುಂಚೆ, ಸುಮ್ಮನೆ, ಕಡ್ಡಿಗಳನ್ನು ಉಗುರಿನಿಂದ ಒಂದೊಂದಾಗಿ ಮೀಟಿದಳು.

ಟಿಂಗ್. ಟಿಂಗ್. ಟಿಂಗ್. ಟಪ್.

ಟಪ್?

ಮತ್ತೆ ಮೀಟಿದಳು. ಟಪ್. ಅದರಾಚೆಯದು ಟಿಂಗ್, ಅದರಾಚೆಯದು ಮತ್ತೆ ಟಪ್. ಟಪ್ ಎನ್ನುತ್ತಿದ್ದ ಕಡ್ಡಿಗಳನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಹಾಲುಹಲ್ಲಿನ ಹಾಗೆ ಅಲ್ಲಾಡಿದವು. ಎಲ್ಲವೂ ಅವಳೇ ಬಿಗಿ ಮಾಡಿದ ಕಡ್ಡಿಗಳು.

ಅವಳು ಕತ್ತು ಓರೆ ಮಾಡಿ ನಟ್ಟನ್ನು ನೋಡಿದಳು. ನೆಲಕ್ಕೆ ಕೆನ್ನೆ ತಾಗಿಸಿ, ಟೈರಿನ ಕಡೆಯಿಂದಲೂ ನೋಡಿದಳು. ಆಮೇಲೆ ಕೂಗಿದಳು:

"ಅತ್ತೆ! ನಾನು ನಟ್ಟನ್ನ ಬುಡದ ಕಡೆಯಿಂದ ನೋಡ್ತಿದ್ದೆ! ನಟ್ಟಿನ ತಲೆ ಟೈರಿನ ಕಡೆ ಇದೆ. ಅದಕ್ಕೇ ಎಲ್ಲಾ ಉಲ್ಟಾ! ನಾನು ಬಿಗಿ ಮಾಡ್ಲೇ ಇಲ್ಲ, ಸಡಿಲ ಮಾಡಿದ್ದೀನಿ!"

ಅತ್ತೆ ಜೋರಾಗಿ ನಕ್ಕರು. "ನಾನೂ ಮೊದಲ ದಿನ ಹೀಗೇ ಮಾಡಿ ನಮ್ಮಪ್ಪನ ಹತ್ರ ಬೈಸಿಕೊಂಡಿದ್ದೆ."

"ಮತ್ತೆ ಮೊದಲೇ ಹೇಳೋದಲ್ವಾ?"

"ಮರೆತೇ ಹೋಯ್ತು ಕಣೇ. ಅದೆಲ್ಲಾ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ."

ಚಿಟ್ಟೆ ತಿರುಗಿಸಿದ್ದನ್ನೆಲ್ಲ ವಾಪಸ್ ತಿರುಗಿಸಿದಳು. ಆಮೇಲೆ ಹೊಸದಾಗಿ ಶುರು ಮಾಡಿದಳು. ಎಡಕ್ಕೆ ಕಾಲು ಸುತ್ತು. ಚಕ್ರ ತಿರುಗಿಸು, ನೋಡು. ಮೀಟು, ಕೇಳು. ಕರ್ರ್ ಮತ್ತೆ ಸರ್ರ್ ಆಯಿತು. ಸರ್ರ್ ಬರೀ 'ಸ್' ಆಯಿತು. ಆಮೇಲೆ ಒಂದು ಸುತ್ತಿನಲ್ಲಿ ಸದ್ದೇ ಬರಲಿಲ್ಲ.

ಅತ್ತೆ ಬಂದು ಕೈ ಒರೆಸಿಕೊಳ್ಳುತ್ತ ನಿಂತರು. "ಅರೆ! ಸಾಕು, ಆಯ್ತಲ್ಲ. ಓಡುತ್ತೆ ಇದು."

"ಇಲ್ಲ ಅತ್ತೆ, ಇಲ್ಲಿ ಒಂದು ಚೂರು ಹೊರಗಿದೆ. ನೋಡಿ."

"ಆ ಒಂದು ಚೂರು ನಿಮ್ಮಕ್ಕನ ಕಣ್ಣಿಗೂ ಕಾಣಲ್ಲ, ಅವಳ ಕಾಲಿಗೂ ಗೊತ್ತಾಗಲ್ಲ."

"ನನಗೆ ಕಾಣುತ್ತಲ್ಲ."

ಅತ್ತೆ ಹೋಗಿ ಅಂಗಡಿಯ ದೀಪ ಹಾಕಿ ಬಂದರು. ಆ ಒಂದು ಚೂರು ಹೋಗುವ ಹೊತ್ತಿಗೆ ಬಾಗಿಲ ಬಳಿಯ ಎಂಟು ಸೈಕಲ್ಲುಗಳಲ್ಲಿ ಆರು ಮನೆ ಸೇರಿದ್ದವು.

ಮನೆಯ ಮೆಟ್ಟಿಲಲ್ಲೇ ಅಕ್ಕ ನಿಂತಿದ್ದಳು. ಹಿಂದೆ ಅಮ್ಮ.

"ನನ್ನ ಸೈಕಲ್ ತಗೊಂಡು ಎಲ್ಲಿಗೆ ಹೋಗಿದ್ದೆ?"

ನಾಯಿಯ ಕತೆ ಚಿಟ್ಟೆಯ ನಾಲಿಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು. "ಮೋರಿ ಕಲ್ಲಿಗೆ ಹೊಡೆದೆ. ಕೈ ಬಿಟ್ಟು ಓಡಿಸೋಕೆ ಹೋಗಿ. ಚಕ್ರ ಬೆಂಡಾಯ್ತು. ಆಮೇಲೆ ಸರಿ ಮಾಡಿದೆ."

"ಸರಿ ಮಾಡಿಸಿದೆ ಅನ್ನು."

"ಅಲ್ಲ. ಮಾಡಿದೆ."

ಅಕ್ಕ ನಂಬದೆ ಮೆಟ್ಟಿಲಿಳಿದಳು. ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿದಳು. ಸೈಕಲ್ ಹತ್ತಿ ಬೀದಿಯ ತುದಿಯವರೆಗೆ ಹೋಗಿ ಬಂದಳು. ಎರಡೂ ಬ್ರೇಕ್ ಹಿಡಿದು ನೋಡಿದಳು. ಇಳಿಯುವಾಗಲೂ ಅವಳ ಮುಖ ಗಂಟಿಕ್ಕಿಕೊಂಡೇ ಇತ್ತು.

"ಇನ್ನೊಂದ್ಸಲ ಕೇಳದೆ ಮುಟ್ಟಿದ್ರೆ ನೋಡು!" ಎಂದಳು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತ, "ನಾನು ತಗೊಂಡಾಗಿಂದ ಇದರ ಹ್ಯಾಂಡಲ್ ಒಂಥರಾ ನಡುಗ್ತಿತ್ತು. ಈಗ ಅದೂ ಇಲ್ಲ," ಎಂದಳು.

"ನೀನು ಕ್ಲಾಸಿಗೇ ಬಂದಿಲ್ಲ ಅಂತ ಕೀಬೋರ್ಡ್ ಮೇಷ್ಟ್ರು ಫೋನ್ ಮಾಡಿದ್ರು," ಎಂದಳು ಅಮ್ಮ.

ಚಿಟ್ಟೆ ತಲೆ ತಗ್ಗಿಸಿದಳು. ಗ್ರೀಸು ಮೆತ್ತಿದ ಅವಳ ಕೈಯನ್ನು ಅಮ್ಮ ಹಿಡಿದು ಬೆಳಕಿಗೆ ತಿರುಗಿಸಿದಳು. ತೋರುಬೆರಳಿನ ಪಕ್ಕದಲ್ಲಿ ಕೀ ಒತ್ತಿ ಒತ್ತಿ ನೀರುಗುಳ್ಳೆ ಎದ್ದಿತ್ತು. ಅದು ಎದ್ದಿದ್ದು ಯಾವಾಗ ಎಂದು ಚಿಟ್ಟೆಗೆ ತಿಳಿದಿರಲಿಲ್ಲ.

"ಎಷ್ಟು ಹೊತ್ತು ಕೂತಿದ್ದೆ ಅಲ್ಲಿ?"

ಚಿಟ್ಟೆ ಲೆಕ್ಕ ಹಾಕಲು ನೋಡಿದಳು. ಆಗಲಿಲ್ಲ.

ಕೀಬೋರ್ಡ್ ಕ್ಲಾಸಿನ ಗೋಡೆ ಗಡಿಯಾರ ಅವಳಿಗೆ ಚೆನ್ನಾಗಿ ಗೊತ್ತು. ಬಿಳಿ ಮುಖ, ಕೆಂಪು ಸೆಕೆಂಡ್ ಮುಳ್ಳು, ಗಾಜಿನೊಳಗೆ ಒಂಬತ್ತರ ಹತ್ತಿರ ಸತ್ತುಬಿದ್ದ ಒಂದು ಇರುವೆ. ಕರಾಟೆ ಕ್ಲಾಸಿನ ಗಡಿಯಾರವೂ ಗೊತ್ತು. ಅದು ನಾಲ್ಕು ನಿಮಿಷ ಹಿಂದೆ. ಪಂಚರ್ ಅತ್ತೆಯ ಅಂಗಡಿಯ ಗೋಡೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ಪ್ರಯತ್ನಿಸಿದಳು. ಬರೀ ಚಕ್ರ ಕಾಣಿಸಿತು.

"ಗೊತ್ತಿಲ್ಲಮ್ಮ," ಎಂದಳು ಕೊನೆಗೆ. "ಅಲ್ಲಿ ಗಡಿಯಾರ ಇದೆಯೋ ಇಲ್ವೋ... ನಾಳೆ ಹೋಗಿ ನೋಡ್ಕೊಂಡು ಬರ್ತೀನಿ."