ಮೂರನೆಯ ತಳಿಯ ಎಣ್ಣೆ

“ಆ ನೆಡುವ ಕಡ್ಡಿ ಮುಟ್ಟಬೇಡಿ. ಮೂರು ತಳಿ ಬೆರೆತರೆ ನನ್ನ ಪರೀಕ್ಷೆಯೇ ಹಾಳು.”

ಕೃಷಿ ಕಚೇರಿಯಿಂದ ಬಂದ ಇಖ್ವಾನ್ ಸಫ್ರಿನಾಳೊಡನೆ ಆಡಿದ ಮೊದಲ ಮಾತೇ ಗದರಿಕೆ!

ಅವಳಿಗೆ ಮೈಯೆಲ್ಲ ಉರಿಯಿತು. ತಪಕ್ತುವಾನಿನ ಈ ಗುಡ್ಡದಲ್ಲೇ ಹುಟ್ಟಿ, ಸುಗಂಧದೆಣ್ಣೆ ಕೊಡುವ ಪಚೋಲಿ ಗಿಡಗಳ ನಡುವೆ ಅಂಬೆಗಾಲಿಟ್ಟವಳಿಗೆ ಪಟ್ಟಣದವನ ಪಾಠವೇ? ಆದರೆ ಕೂಲಿ ಕೊಡುವವನು ಅವನೇ. ಕೈ ಹಿಂದಕ್ಕೆ ತೆಗೆದಳು.

ಆರು ತಿಂಗಳಲ್ಲಿ ಆ ಸಿಟ್ಟು ಎಲ್ಲಿ ಕರಗಿತೋ... ಅವನು ಒಂದು ದಿನ ತೋಟಕ್ಕೆ ಬಾರದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಗೆದ್ದ ತಳಿಯನ್ನು ಗುಡ್ಡಕ್ಕೆಲ್ಲ ನೆಡುವುದು, ಸೋತವನ್ನು ಕಿತ್ತು ಹಾಕುವುದು ಎಂದು ಊರಿನವರು ಒಪ್ಪಿದ್ದರು. ಮೂರನೆಯದು, ತೀರಿಕೊಂಡ ಅವಳ ತಾಯಿ ಬೆಳೆಸಿಕೊಂಡು ಬಂದ ತಳಿ.

ಅದರ ಎಲೆ ಬೇಯಿಸಿ ಎಣ್ಣೆ ಇಳಿಸುವ ದಿನ ಇಖ್ವಾನ್ ಜ್ವರದಿಂದ ಮಲಗಿದ್ದ. ಕೆಲಸವನ್ನೆಲ್ಲ ಅವಳಿಗೆ ವಹಿಸಿದ. ಪರೀಕ್ಷೆಗೆಂದು ಅವನು ತರಿಸಿದ್ದ ಸ್ಟೀಲಿನ ಹಂಡೆಯ ಮುಂದೆ ನಿಂತವಳ ಮನಸ್ಸು ಒಪ್ಪಲಿಲ್ಲ. ಅಮ್ಮನ ಗಿಡದ ಎಲೆ ಅಮ್ಮನ ಹಂಡೆಯಲ್ಲೇ ಬೇಯಬೇಕಲ್ಲವೇ? ಬಿಸ್ಮಿಲ್ಲಾ ಎಂದು ಹಳೆಯ ಕಬ್ಬಿಣದ ಹಂಡೆಗೆ ತುಂಬಿದಳು.

ವಾರದ ನಂತರ ಇಖ್ವಾನ್ ವರದಿ ಬರೆದ. ಮೂರನೆಯ ತಳಿಯಲ್ಲಿ ಎಣ್ಣೆ ಹೆಚ್ಚು, ಆದರೆ ಬಣ್ಣ ಕಪ್ಪು, ಕೊನೆಯ ಸ್ಥಾನ.

“ನಮ್ಮಮ್ಮನ ಗಿಡ ಅಂತ ಗೊತ್ತಿದ್ದೂ ಹೀಗೆ ಬರೆದ್ರಾ?”

“ನಂಗೇನು ಖುಷಿನಾ? ಕಬ್ಬಿಣದ ಹಂಡೆ ಆಗಿದ್ರೆ ಎಣ್ಣೆ ಕಪ್ಪಾಗುತ್ತೆ ಅಂತ ಬಣ್ಣಾನ ಲೆಕ್ಕಕ್ಕೆ ತಗೊಳ್ಳದೆ ಬಿಡಬಹುದಿತ್ತು. ಇದು ಸ್ಟೀಲಲ್ಲಿ ಇಳಿಸಿದ್ದಲ್ವಾ?”

ಸಫ್ರಿನಾಳ ಮನೆಯ ಎಣ್ಣೆ ಎಂದಿಗೂ ಕಪ್ಪೇ. ಅದೇ ಅದರ ಬಣ್ಣವೆಂದು ನಂಬಿ ಬೆಳೆದವಳು ಅವಳು!

ಹೇಳಿದರೆ ಅವನ ಇಷ್ಟು ತಿಂಗಳ ದುಡಿಮೆ ಮಣ್ಣುಪಾಲು. ಹೇಳದಿದ್ದರೆ ಅಮ್ಮನ ಗಿಡಗಳಿಗೆ ಗುದ್ದಲಿ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ... ಏನು ಮಾಡಲಿ? ಏನೂ ತೋಚದೆ ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಇಖ್ವಾನ್ ವರದಿಯನ್ನು ಹರಿದು ಹಾಕಿದ. ತಪ್ಪು ತನ್ನದೆಂದೇ ಕಚೇರಿಗೆ ಬರೆಯುವುದಾಗಿ ಹೇಳಿದ. ತನ್ನ ಹೆಸರು ಬರೆಯಿರಿ ಎಂದು ಅವಳು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

“ಕೆಲಸದಿಂದ ತೆಗೆದ್ರೆ?”

“ತೆಗೀತಾರೆ. ಗಿಡ ಮತ್ತೆ ಚಿಗುರಿ ಕೊಯ್ಲಿಗೆ ಬರೋಕೆ ನಾಲ್ಕು ತಿಂಗಳು ಬೇಕು. ಸಂಬಳ ಇಲ್ಲದಿದ್ರೂ ಇಲ್ಲೇ ಇದ್ದು ಇನ್ನೊಂದ್ಸಲ ಇಳಿಸ್ತೀನಿ.”

“ಅಲ್ಲೀತನಕ ಎಲ್ಲಿರ್ತೀರಾ?”

“ನಿಮ್ಮಪ್ಪನ್ನ ಕೇಳೋಣ ಅಂತಿದೀನಿ. ಮನೆ ಅಲ್ಲ... ನಿಮ್ಮನ್ನ. ಕೆಲಸ ಇಲ್ಲದವನಿಗೆ ಕೊಡ್ತಾರೋ ಇಲ್ವೋ.”

ಸಫ್ರಿನಾ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

“ಅಪ್ಪ ಆಮೇಲೆ. ನಿಮ್ಮ ಕೆಲಸ ಕಳೆದವಳು ನಿಮಗೆ ಬೇಕಾ, ಅದನ್ನ ಮೊದಲು ಹೇಳಿ.”

“ಬೇಕು,” ಅಂದ.