ಪರಂಗಿ ಕೋಟೆಯ ನಾನೂರು ಕೈಗಳು

ಸಮುದ್ರದ ಮೀನುಗಳು ದಡಕ್ಕೆ ಬಂದು ಜನರ ಹತ್ರ ಕಷ್ಟಸುಖ ಹೇಳ್ಕೊಳ್ತಿದ್ದ ಕಾಲದಲ್ಲಿ ಚಿಪ್ಪಿನಸೀಮೆ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ದಡದ ತುಂಬ ಚಿಪ್ಪೋ ಚಿಪ್ಪು. ಗಾರೆಕೇರಿ ಜನ ಆ ಚಿಪ್ಪು ಆಯ್ದು, ಗೂಡಲ್ಲಿ ಸುಟ್ಟು, ಸುಣ್ಣ ಮಾಡಿ, ಗಾರೆ ಅರೆದು ಬದುಕ್ತಿದ್ರು. ಅವರ ಗಾರೆ ಎಂಥಾದ್ದು ಅಂದ್ರೆ, ಸಿಡಿಲು ಬಂದು ಬಡಿದ್ರೆ ಸಿಡಿಲೇ ಕಾಲು ಮುರ್ಕೊಂಡು ಕುಂಟ್ತಾ ವಾಪಸ್ಸು ಹೋಗ್ತಿತ್ತು.

ಆ ದಡದ ಮೇಲೊಂದು ಕೋಟೆ. ಪರಂಗಿ ಕೋಟೆ ಅಂತ ಅದರ ಹೆಸರು. ಇನ್ನೂರು ವರ್ಷದ ಹಿಂದೆ ಏಳು ಸಮುದ್ರ ದಾಟಿ ಹಡಗಲ್ಲಿ ಬಂದ ಪರಂಗಿಯವರು ಚಾವಟಿ ಬೀಸಿ, ಗಾರೆಕೇರಿಯೋರನ್ನ ಎಳ್ಕೊಂಡು ಹೋಗಿ ಕಟ್ಟಿಸಿದ್ದು. ಗಂಡಸರು, ಹೆಂಗಸರು, ಬಸುರಿಯರು, ಒಟ್ಟು ನಾನೂರು ಜನ. ಕೂಲಿ ಇಲ್ಲ, ಕೂಳು ಅರೆಹೊಟ್ಟೆ. ಕೋಟೆ ಮುಗಿದ ದಿನ ಆ ನಾನೂರು ಜನ ದೊಡ್ಡ ಹಜಾರದ ಗೋಡೆಗೆ ಕೊನೇ ಗಾರೆ ಬಳಿದು, ಅದು ಹಸಿ ಇರೋವಾಗ್ಲೇ ಒಬ್ಬೊಬ್ರಾಗಿ ಅಂಗೈ ಒತ್ತಿದ್ರು. ಅದು ಗಾರೆಕೇರಿ ಪದ್ಧತಿ. ಕಟ್ಟಿದೋರ ಕೈ ಗೋಡೇಲಿ ಇರೋ ತನಕ ಅವರ ಮಕ್ಕಳು ಮೊಮ್ಮಕ್ಕಳ ಕೈಲಿ ಹಿಡಿತ ಇರುತ್ತೆ ಅಂತ. ಪರಂಗಿಯವರು ಒಂದು ದಿನ ಹಡಗು ಹತ್ತಿ ಹೋದ್ರು. ಕೈಗಳು ಉಳಿದ್ವು.

ಆ ಕೇರೀಲಿ ಬೊಮ್ಮಿ ಅಂತ ಒಬ್ಳು ಹುಡುಗಿ. ಮೂರು ತಿಂಗಳ ಬಾಣಂತಿ. ಅವಳಿಗೆ ಒಂದು ಹೆಣ್ಣುಮಗು, ಸಾಕವ್ವ ಅಂತ ತಾಯಿ. ಒಂದು ಬೆಳಿಗ್ಗೆ ಸಾಕವ್ವ ಮೊಮ್ಮಗಳನ್ನ ಎತ್ಕೊಂಡ್ಲು. ಮಗು ಜಾರಿ ಬಿತ್ತು. ಪುಣ್ಯಕ್ಕೆ ಕೌದಿ ಮೇಲೆ ಬಿತ್ತು.

"ಏನವ್ವ, ಕೈಲಿ ಹರಳೆಣ್ಣೆ ಹಚ್ಕೊಂಡಿದೀಯ?" ಅಂತ ಬೊಮ್ಮಿ ಓಡಿ ಬಂದು ಮಗು ಎತ್ತಕ್ಕೆ ಹೋದ್ಲು. ಅವಳ ಕೈಯಿಂದ್ಲೂ ಜಾರ್ತು.

ಇಬ್ರೂ ಅಂಗೈ ನೋಡ್ಕೊಂಡ್ರು. ಒಂದು ಗೆರೆ ಇಲ್ಲ. ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆ ಥರ ನುಣ್ಣಗೆ. ಹೊರಗೆ ಬಂದ್ರೆ ಇಡೀ ಕೇರೀದೇ ಅದೇ ಕತೆ. ಸೌಟು ಹಿಡಿದ್ರೆ ಜಾರುತ್ತೆ, ಕೊಡ ಹಿಡಿದ್ರೆ ಜಾರುತ್ತೆ, ಎತ್ತಿನ ಹಗ್ಗ ಜಾರಿ ಎತ್ತುಗಳು ಪಕ್ಕದ ರಾಜ್ಯಕ್ಕೆ ಹೋಗಿ ಮದುವೆ ಮಾಡ್ಕೊಂಡ್ವು.

ಅವತ್ತಿಂದ ಮೂರು ದಿನ ಬೊಮ್ಮಿ ಮಗೂಗೆ ಹಾಲು ಕುಡಿಸಿದ್ದು ನೆಲದ ಮೇಲೆ ಮಲಗಿ. ಮಗು ಎತ್ಕೋ ಎತ್ಕೋ ಅಂತ ಎರಡೂ ಕೈ ಚಾಚಿ ಅಳ್ತು. ಬೊಮ್ಮಿ ಅಳಲಿಲ್ಲ. ಹಲ್ಲು ಕಡಿದ್ಲು.

"ಯಾರವ್ವ ಮಾಡಿದ್ದು ಇದನ್ನ?"

"ಕೋಟೆ ದುರಸ್ತಿ ಮಾಡ್ತಾವ್ರಂತೆ ಕಣೆ," ಅಂದ್ಲು ಸಾಕವ್ವ. "ಗೋಡೇಲಿರೋ ಕೈಗಳ ಮೇಲೆ ಏನೋ ಬಳಿದವ್ರೆ. ಇಲ್ದಿದ್ರೆ ಹಿಂಗಾಗಲ್ಲ."

"ನೋಡ್ಕೊಂಡು ಬರ್ತೀನಿ."

"ಕೈ ಇಲ್ದೆ ಏನು ಮಾಡ್ತೀಯೇ?"

"ಬಾಯಿ ಐತಲ್ಲ," ಅಂದು ಬೊಮ್ಮಿ ಹೊರಟೇಬಿಟ್ಲು.

ಕೋಟೆಗೆ ಬಂದು ನೋಡ್ತಾಳೆ, ಗುರುತೇ ಸಿಗ್ತಿಲ್ಲ. ಬಿದಿರಿನ ಸಾರವೆಗಳು ಯಾರೂ ಕಟ್ಟದೇ ತಾವೇ ಗೋಡೆ ಹತ್ತುತಾ ಇದ್ವು. ಬಕೆಟ್ಟುಗಳು ತಾವೇ ನಡೀತಿದ್ವು. ಪಾಚಿ ಹಿಡಿದ ಕಲ್ಲುಗಳೆಲ್ಲ ಈಗ ಬೆಣ್ಣೆ ಮುದ್ದೆ ಥರ ಹೊಳೀತಿದ್ವು. ಬಾಗಿಲಲ್ಲಿ ಕಿರೀಟ ಇಟ್ಕೊಂಡ ಕಲ್ಲಿನ ಸಿಂಹ. ಅದಕ್ಕೆ ಹೊಸದಾಗಿ ಚಿನ್ನದ ಬಣ್ಣ.

"ನಿಲ್ಲು!" ಅಂತು ಸಿಂಹ. "ಈ ಕೋಟೆ ಕಟ್ಟಿದ್ದು ಯಾರು? ಸರಿ ಹೇಳಿದೋರು ಬಾಗಿಲೊಳಗೆ, ತಪ್ಪು ಹೇಳಿದೋರು ನನ್ನ ಹೊಟ್ಟೆಯೊಳಗೆ."

"ನನ್ನ ಮುತ್ತಜ್ಜಿಯ ಅಜ್ಜಿ."

"ತಪ್ಪು! ಫಲಕ ನೋಡು. ಪರಂಗಿ ಸರದಾರ ಬರ್ತೇಲು ದೊರೆ ಕಟ್ಟಿದ್ದು."

"ಅವನು ಒಂದು ಕಲ್ಲು ಎತ್ತಿದ್ನ?"

"ದೊರೆಗಳು ಕಲ್ಲು ಎತ್ತುತಾರಾ?"

ಬೊಮ್ಮಿಗೆ ಸಿಟ್ಟು ಮೂಗಿನ ತುದಿಗೆ ಬಂತು. "ಎಲಾ ಕಲ್ಲುಮುಂಡೇದೇ, ನಿನ್ನ ಬಾಲ ನೋಡ್ಕೊಂಡಿದೀಯ? ಎಮ್ಮೆ ಬಾಲ ಅದು! ಇಡೀ ಭೂಮಂಡಲದಲ್ಲಿ ಎಮ್ಮೆ ಬಾಲದ ಸಿಂಹ ಎಲ್ಲೈತೆ? ನಿನ್ನ ಕೆತ್ತಿದೋನು ನಮ್ಮ ಕೇರಿಯ ತಿಮ್ಮಜ್ಜ. ಅವನು ಸಿಂಹ ಕಂಡೋನಲ್ಲ. ಮನೆ ಎಮ್ಮೆ ನೋಡ್ಕೊಂಡು ನಿನ್ನ ಹಿಂದೆ ಕೆತ್ತಿದ, ಹೆಂಡ್ತಿ ಮುಖ ನೋಡ್ಕೊಂಡು ಮುಂದೆ ಕೆತ್ತಿದ. ನಿನ್ನ ಹೆತ್ತ ಕೇರಿಯೋಳನ್ನೇ ತಿಂತೀಯ? ತಿನ್ನು ನೋಡಾಣ!"

ಸಿಂಹ ನಿಧಾನಕ್ಕೆ ತಿರುಗಿ ತನ್ನ ಬಾಲ ನೋಡ್ಕೊಂತು. ಇನ್ನೂರು ವರ್ಷದಲ್ಲಿ ಅದು ಹಿಂದೆ ತಿರುಗಿದ್ದು ಅದೇ ಮೊದಲು. ಕಣ್ಣಿಂದ ಜಲ್ಲಿಕಲ್ಲು ಉದುರಿದ್ವು.

"ನೊಣ ಹೊಡ್ಕೋಬೇಕು ಅಂತ ಯಾಕೆ ಅನಿಸ್ತಿತ್ತು ಅಂತ ಈಗ ಗೊತ್ತಾಯ್ತು," ಅಂತು. "ಹೋಗವ್ವ ಒಳಗೆ. ಜಲ್ದಿ ಹೋಗು. ಇವತ್ತು ಹೊತ್ತು ಮುಳುಗೋ ಮುಂಚೆ ಚಂಪಕರಾಯ ಮಹಾರಾಜರು ಬಂದು ಹಜಾರದ ಗೋಡೆಗೆ ರಾಜಮುದ್ರೆ ಒತ್ತುತಾರೆ. ಮುದ್ರೆ ಬಿತ್ತು ಅಂದ್ರೆ ಅಲ್ಲಿರೋ ಮಾಯೆ ಯಾರಿಂದ್ಲೂ ಅಳಿಸಕ್ಕಾಗಲ್ಲ."

ಬೊಮ್ಮಿ ಓಡಿದ್ಲು. ಬುರುಜಿನ ಹತ್ರ ಒಂದು ಫಿರಂಗಿ ಬಾಯಿ ತಿರುಗಿಸಿ ಅವಳ ಎದೆಗೆ ಗುರಿ ಇಡ್ತು. ಅದರ ಪಕ್ಕ ಒಂದು ಫಲಕ: ಕೋಟೆ ಒಳಗೆ ಸಿಟ್ಟು ಮಾಡಬಾರದು.

"ನಗು!" ಅಂತು ಫಿರಂಗಿ. "ನೋಡಕ್ಕೆ ಬಂದೋರೆಲ್ಲ ನಗ್ತಾ ಇರ್ಬೇಕು. ಹುಬ್ಬು ಗಂಟು ಹಾಕಿದೋರಿಗೆ ಗುಂಡು. ಮೂರು ಎಣಿಸ್ತೀನಿ. ಒಂದು!"

"ನನ್ನ ಕೂಸನ್ನ ನಾನು ಎತ್ಕೊಳ್ಳಕ್ಕಾಗ್ತಿಲ್ಲ. ನಗಬೇಕಾ?"

"ಎರಡು!"

ಬೊಮ್ಮಿಗೆ ಸಿಟ್ಟು ಮೂಗು ದಾಟಿ ನೆತ್ತಿಗೆ ಏರ್ತು. ಓಡೋದು ಬಿಟ್ಟು ಸೀದಾ ಹೋಗಿ ತನ್ನ ತಲೇನೇ ಫಿರಂಗಿ ಬಾಯೊಳಗೆ ತೂರ್ಸಿ, ಹೆರಿಗೆ ನೋವಲ್ಲಿ ಹೆಂಗೆ ಕೂಗಿದ್ಲೋ ಹಂಗೆ ಕೂಗಿದ್ಲು. ಫಿರಂಗಿ ಹುಟ್ಟಿದಾಗಿಂದ ಊರಿಗೆಲ್ಲ ಅಬ್ಬರಿಸಿತ್ತೇ ಹೊರತು ಅದರ ಹೊಟ್ಟೆಯೊಳಗೆ ಯಾರೂ ಅಬ್ಬರಿಸಿರಲಿಲ್ಲ. ಆ ಕೂಗು ಒಳಗೆ ಹನ್ನೆರಡು ಸಲ ಸುತ್ತು ಹೊಡೀತು. ಫಿರಂಗಿ ಗಡಗಡ ನಡುಗಿ, ಬೊಮ್ಮಿ ತಲೆ ಹೊರಗೆ ತೆಗೆದದ್ದೇ ತಡ, ಆಕ್ಷೀ ಅಂತ ಒಂದು ಸೀನು ಸೀನ್ತು. ಗುಂಡು ಪುಟಕ್ ಅಂತ ಉದುರಿ ಉರುಳ್ಕೊಂಡು ಸಮುದ್ರಕ್ಕೆ ಹೋಯ್ತು.

"ಅಮ್ಮಾ ತಾಯಿ, ನಗಬೇಡ, ಏನೂ ಬೇಡ, ಹೋಗು," ಅಂತು ಫಿರಂಗಿ.

ಬೊಮ್ಮಿ ಹಜಾರಕ್ಕೆ ನುಗ್ಗಿದ್ಲು. ಅಲ್ಲಿದ್ದ ಮಾಯಗಾರ ನುಣ್ಣಪ್ಪಯ್ಯ. ಹತ್ತು ವರ್ಷದ ದುರಸ್ತೀನ ಮೂರು ದಿನದಲ್ಲಿ ಮುಗಿಸ್ತೀನಿ ಅಂತ ರಾಜನಿಗೆ ಮಾತು ಕೊಟ್ಟು ಬಂದೋನು. ಅವನ ಮುಖದಲ್ಲಿ ಸುಕ್ಕಿಲ್ಲ, ಹುಬ್ಬಿಲ್ಲ, ಒಂದು ರೋಮ ಇಲ್ಲ. ತಾನು ಗೋಡೆಗೆ ಬಳಿಯೋದನ್ನೇ ಮೈಗೂ ಬಳ್ಕೊಂಡಿದ್ದ. ಕೈಲಿ ಗಾರೆ ಬಳಿಯೋ ಬೆಳ್ಳಿ ಕರಣೆ. ಅವನ ಹಿಂದೆ ಗೋಡೆ. ನಾನೂರು ಕೈಗಳಿದ್ದ ಜಾಗದಲ್ಲಿ ಈಗ ಕನ್ನಡಿಯಂಥ ಹೊಳಪು.

"ಬನ್ನಿ ತಾಯಿ," ಅಂದ ನುಣ್ಣಪ್ಪಯ್ಯ. "ಹೇಗಿದೆ ಕೆಲಸ? ಮೊದಲು ಇಲ್ಲಿ ಏನೇನೋ ಕೊಳಕು ಕೈಗುರುತುಗಳಿದ್ದವು. ಬಂದವರಿಗೆ ಬೇಜಾರಾಗ್ತಿತ್ತು. ತೆಗೆದುಬಿಟ್ಟೆ."

"ಅದು ಕೊಳಕಲ್ಲ ಕಣೋ! ನಮ್ಮೋರ ಕೈ! ಅದನ್ನ ಮುಚ್ಚಿ ನಮ್ಮ ಕೈಲಿ ಹಿಡಿತ ಇಲ್ದಂಗೆ ಮಾಡಿದೀಯ!"

"ಹಳೇ ನೋವು ಯಾಕೆ ತಾಯಿ? ಕೋಟೆ ಅಂದ್ರೆ ಚೆನ್ನಾಗಿ ಕಾಣಬೇಕು."

ಬೊಮ್ಮಿ ಬೈದ್ಲು. ಬೈಗುಳ ಅವನ ನುಣ್ಣನೆ ಕಿವಿ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಬೊಮ್ಮಿ ಕೂಗಿದ್ಲು. ಕೂಗು ಆ ನುಣ್ಣನೆ ಗೋಡೆ ಮೇಲಿಂದ ಜಾರಿ ಕಿಟಕೀಲಿ ಹೊರಗೆ ಹೋಯ್ತು. ಸಿಂಹದ ಹತ್ರ ನಡೆದದ್ದು ಇಲ್ಲಿ ನಡೀಲಿಲ್ಲ, ಫಿರಂಗಿ ಹತ್ರ ನಡೆದದ್ದೂ ನಡೀಲಿಲ್ಲ.

"ಬಾಯಿ ಜಾಸ್ತಿಯಾಯ್ತು," ಅಂದ ನುಣ್ಣಪ್ಪಯ್ಯ. "ಅದನ್ನೂ ಸ್ವಲ್ಪ ನುಣ್ಣಗೆ ಮಾಡೋಣ." ಕರಣೆ ಎತ್ತಿ ಅವಳ ತುಟಿ ಮೇಲೆ ಎಳೆಯೋಕೆ ಬಂದ.

ಬೊಮ್ಮಿ ಅವನ ಪಕ್ಕದಿಂದ ನುಣುಚಿ, ಮುಖ ತಿರುಗಿಸ್ಕೊಂಡು ಆ ಗೋಡೆ ಕಡೆಗೇ ಸರಿದ್ಲು. ಕೆನ್ನೆ ಗೋಡೆಗೆ ತಗುಲ್ತು. ಗೋಡೆ ಬಿಸಿ! ಅವಳು ಹಿಂದೆಮುಂದೆ ನೋಡ್ದೆ ನಾಲಿಗೆ ತುದಿ ಚಾಚಿ ಗೋಡೆ ನೆಕ್ಕಿದ್ಲು. ಚುರ್ ಅಂತು. ಗಾರೆಕೇರಿ ಮಕ್ಕಳಿಗೆ ಹಾಲಿನ ರುಚಿ ಆದ್ಮೇಲೆ ಗೊತ್ತಾಗೋದೇ ಸುಣ್ಣದ ರುಚಿ.

"ಅಯ್ಯೋ ಪಾಪಿ, ಸುಣ್ಣ ಅರಳ್ಸೇ ಇಲ್ಲ ನೀನು!"

ನುಣ್ಣಪ್ಪಯ್ಯನ ಕರಣೆ ಅಲ್ಲೇ ನಿಂತು ಹೋಯ್ತು.

ಸುಟ್ಟ ಸುಣ್ಣಕ್ಕೆ ನೀರು ಬಿದ್ರೆ ಕೊತಕೊತ ಕುದಿಯುತ್ತೆ, ಬಿರಿದು ಅರಳುತ್ತೆ. ಅದನ್ನ ಗುಂಡೀಲಿ ಹದಿನೈದು ದಿನ ನೆನೆಹಾಕಿ, ಅದರ ಸಿಟ್ಟೆಲ್ಲ ಇಳಿದ್ಮೇಲೇ ಗೋಡೆಗೆ ತರಬೇಕು. ಗಾರೆಕೇರೀಲಿ ಆಡೋ ಮಕ್ಕಳಿಗೂ ಗೊತ್ತು. ಈ ಮಹಾನುಭಾವ ಅವಸರಕ್ಕೆ ಅರಳಿಸದ ಸುಣ್ಣಾನ ಎಣ್ಣೇಲಿ ಕಲಸಿ, ಮೇಲೊಂದು ಮಂತ್ರ ಹಾಕಿ ಬಳಿದಿದ್ದ.

"ಹದಿನೈದು ದಿನ ಯಾರು ಕಾಯ್ತಾರೆ?" ಅಂದ ಅವನು, ಮೆಲ್ಲಗೆ. "ಮಹಾರಾಜರಿಗೆ ಅರ್ಜೆಂಟಿತ್ತು."

ಬೊಮ್ಮಿಗೆ ಸಿಟ್ಟು ನೆತ್ತಿ ದಾಟಿ ಕೋಟೆ ಚಾವಣಿ ದಾಟಿ ಹೋಯ್ತು. ಬಾಯಲ್ಲಿದ್ದ ಎಂಜಲನ್ನೆಲ್ಲ ಒಟ್ಟುಗೂಡಿಸಿ ಗೋಡೆಗೆ ಥೂ ಅಂತ ಉಗಿದ್ಲು. ಗೋಡೆ ಭುಸ್ ಅಂತು. ರೊಟ್ಟಿ ಥರ ಉಬ್ಬಿ, ಒಂದು ಚಕ್ಕೆ ಎದ್ದು ಬಿತ್ತು. ಒಳಗೆ ಒಂದು ಕಿರುಬೆರಳಿನ ಗುರುತು. ಬೊಮ್ಮಿ ತನ್ನ ಕೈ ನೋಡ್ಕೊಂಡ್ಲು. ಕಿರುಬೆರಳಲ್ಲಿ ಗೆರೆ ಮೂಡಿತ್ತು.

ಮತ್ತೆ ಉಗಿಯಕ್ಕೆ ಹೋದ್ರೆ ಬಾಯಿ ಒಣಗಿತ್ತು. ನಾನೂರು ಕೈಗೆ ಒಂದು ಬಾಯಿ ಎಲ್ಲಿ ಸಾಲುತ್ತೆ? ಕರಣೆ ಬೀಸ್ಕೊಂಡು ಬಂದೋನ ಕಂಕುಳಡಿ ನುಸುಳಿ ಓಡಿದ್ಲು. ಫಿರಂಗಿ ಬಾಯಿ ಮುಚ್ಕೊಂತು, ಸಿಂಹ ಎಮ್ಮೆ ಬಾಲ ಎತ್ತಿ ದಾರಿ ಬಿಡ್ತು.

"ನೀರು ಬೇಕು!" ಅಂತ ಕೇರಿ ನಡುವೆ ನಿಂತು ಕೂಗಿದ್ಲು. "ಗೋಡೆಗೆ ನೀರು ಹೊಡೀಬೇಕು! ಹೊತ್ತು ಮುಳುಗೋದ್ರೊಳಗೆ!"

"ಕೊಡ ಹಿಡಿಯಕ್ಕೆ ಕೈ ಎಲ್ಲೈತೆ ತಾಯಿ?" ಅಂದ್ರು ಜನ.

"ಬಾಯಲ್ಲಿ ತರ್ರಿ! ಮೂರು ದಿನದಿಂದ ಬಾಯಿ ಬಾಯಿ ಬಡ್ಕೊತಿದೀರಲ್ಲ, ಅದರಲ್ಲೇ ತರ್ರಿ!"

ಕೇರಿಗೆ ಕೇರಿಯೇ ಸಮುದ್ರಕ್ಕೆ ಓಡ್ತು. ಎಲ್ರೂ ಬಗ್ಗಿ ಬಾಯಿ ತುಂಬ ಉಪ್ಪುನೀರು ತುಂಬ್ಕೊಂಡ್ರು. ಹಲ್ಲಿಲ್ಲದ ಈರಜ್ಜನ ಬಾಯಿ ಮಾತ್ರ ಸೋರ್ತಿತ್ತು. ಅವನನ್ನ ಬೊಮ್ಮಿ ಮಗು ಕಾಯಕ್ಕೆ ಬಿಟ್ಟು ಹೊರಟ್ರು. ನಾನೂರು ಮನೆ ಜನ, ಕುಂಬಳಕಾಯಿ ಥರ ಉಬ್ಬಿದ ಕೆನ್ನೆ, ಕೆಂಡದಂಥ ಕಣ್ಣು, ಒಂದು ಪಿಟಕ್ ಅನ್ನೋ ಮಾತಿಲ್ಲ. ಅಂಥ ಮೆರವಣಿಗೇನ ನೋಡಿ ಕಾಗೆಗಳೂ ಸುಮ್ಮನಾದ್ವು.

ಹಜಾರದಲ್ಲಿ ಚಂಪಕರಾಯ ಮುದ್ರೆ ಎತ್ತಿ ನಿಂತಿದ್ದ. ಇವರನ್ನ ನೋಡಿ ಅವನಿಗೆ ಖುಷಿಯೋ ಖುಷಿ.

"ಬನ್ನಿ ಬನ್ನಿ! ಗಾರೆಕೇರಿಯವರಲ್ವೇ? ದುರಸ್ತಿ ನಿಮಗೆಲ್ಲ ಒಪ್ಪಿಗೆಯಾಯ್ತು ತಾನೆ?"

ಯಾರೂ ಮಾತಾಡಲಿಲ್ಲ.

"ನೋಡಿ ನುಣ್ಣಪ್ಪಯ್ಯ, ಆನಂದಕ್ಕೆ ಮಾತೇ ಹೊರಡ್ತಿಲ್ಲ ಇವರಿಗೆ!"

"ಮಹಾಪ್ರಭು, ಮೊದಲು ಮುದ್ರೆ ಒತ್ತಿ, ಬೇಗ," ಅಂದ ನುಣ್ಣಪ್ಪಯ್ಯ. ಅವನಿಗೆ ಆ ಕೆನ್ನೆಗಳ ಅರ್ಥ ಆಗಿತ್ತು.

ರಾಜನ ಕೈ ಗೋಡೆಗೆ ಇನ್ನೊಂದು ಗೇಣು ಇತ್ತು. ಬೊಮ್ಮಿ ಉಗುಳಿದ್ಲು. ಸಾಕವ್ವ ಉಗುಳಿದ್ಲು. ಇಡೀ ಕೇರಿ ಉಗುಳ್ತು. ಇನ್ನೂರು ವರ್ಷದಿಂದ ತಡ್ಕೊಂಡಿದ್ದನ್ನೆಲ್ಲ ಸೇರಿಸಿ ಉಗುಳ್ತು. ಗೋಡೆ ಕೊತಕೊತ ಕುದೀತು. ಎದ್ದ ಹೊಗೆ ಮೂರು ಊರಾಚೆ ಸಮುದ್ರದಲ್ಲಿದ್ದ ಹಡಗಿನೋರಿಗೂ ಕಾಣಿಸ್ತಂತೆ. ಚಕ್ಕೆ ಚಕ್ಕೆಯಾಗಿ ಹೊಳಪು ಬಿರಿದು ಉದುರಿ ಬಿತ್ತು. ಒಂದು ಕೈ ಕಾಣಿಸ್ತು. ಹತ್ತು ಕೈ ಕಾಣಿಸ್ತು. ನಾನೂರು ಕೈಗಳೂ ಕಾಣಿಸಿದ್ವು, ದೊಡ್ಡವು, ಸಣ್ಣವು, ಚಾವಟಿ ಏಟಿಗೆ ಒಂದು ಬೆರಳು ಕಳ್ಕೊಂಡವು.

ನುಣ್ಣಪ್ಪಯ್ಯನ ಮೇಲೂ ನೀರು ಬಿದ್ದಿತ್ತು. ಅವನ ಮುಖ ಉಬ್ಬಿ, ಸಿಪ್ಪೆ ಕಳಚಿ, ಒಳಗಿಂದ ಮೀಸೆ ಸುಟ್ಟ ಒಬ್ಬ ಬಡಕಲು ಮೇಸ್ತ್ರಿ ಹೊರಗೆ ಬಂದ. ಅರ್ಧ ಕಸುಬು ಕಲಿತು, ಸುಣ್ಣ ಅರಳ್ಸೋದು ಕಲಿಯೋ ದಿನ ಗುರುವಿನ ಮನೆಯಿಂದ ಓಡಿಹೋಗಿದ್ದೋನು.

ರಾಜನ ಕಿರೀಟದಿಂದ ಉಪ್ಪುನೀರು ತೊಟ್ಟಿಕ್ತಿತ್ತು. "ಏನಿದು ಅವಮಾನ! ರಾಜನ ಮೇಲೆ ಉಗೀತೀರಾ?"

"ಗೋಡೆಗೆ ಉಗಿದ್ವಿ," ಅಂದ್ಲು ಬೊಮ್ಮಿ. ಈಗ ಬಾಯಿ ಖಾಲಿಯಾಗಿತ್ತು, ಮಾತು ತುಂಬಿತ್ತು. "ನೀವು ಅಡ್ಡ ನಿಂತಿದ್ರಿ. ಓದಕ್ಕೆ ಬರುತ್ತಲ್ಲ ನಿಮಗೆ? ಈ ಗೋಡೆ ಓದಿ. ಒಂದೊಂದು ಕೈಗೂ ನಿಂತು ಓದಿ. ಆಮೇಲೆ ಯಾರಿಗೆ ಅವಮಾನ ಆಯ್ತು ಅಂತ ಹೇಳಿ."

ರಾಜ ಮೊದಲನೇ ಕೈ ನೋಡಿದ, ಎರಡನೇದು ನೋಡಿದ. ಇಪ್ಪತ್ತನೇ ಕೈಗೆ ಬರೋ ಹೊತ್ತಿಗೆ ಕಿರೀಟ ತೆಗೆದು ಕಂಕುಳಲ್ಲಿ ಇಟ್ಕೊಂಡಿದ್ದ. ಒಂದು ಪುಟ್ಟ ಕೈ ಮುಂದೆ ಬಾಳ ಹೊತ್ತು ನಿಂತ. "ಇದು ಮಗುದಲ್ವಾ?" ಅಂದ. ಮುದ್ರೆ ಮಂತ್ರಿ ಕೈಗೆ ಕೊಟ್ಟು, ಬರ್ತೇಲು ದೊರೆ ಫಲಕ ಕೀಳಿಸಿ, ಕೋಟೆ ದುರಸ್ತಿ ಪೂರ್ತಿ ಗಾರೆಕೇರಿಗೆ ಒಪ್ಪಿಸಿದ. ಕೂಲಿ ಸಮೇತ. ನುಣ್ಣಪ್ಪಯ್ಯನನ್ನ ಸುಣ್ಣದ ಗುಂಡಿ ಹತ್ರ ಕೂರಿಸಿ, ದಿನಾ ಕಲಕೋ ಕೋಲು ಕೊಟ್ರು.

ಬೊಮ್ಮಿ ಇದನ್ನೆಲ್ಲ ಕೇಳ್ಕೊಂಡು ನಿಲ್ಲಲಿಲ್ಲ. ಮನೆಗೆ ಓಡ್ತಾ ಇದ್ಲು. ಸಾಕವ್ವನೂ ಓಡ್ತಾ ಇದ್ಲು, ಅರವತ್ತೈದು ವರ್ಷದ ಮುದುಕಿ, ಬಾಣಂತೀನೇ ಹಿಂದೆ ಹಾಕಿದ್ಲು. ಇಬ್ರೂ ಒಟ್ಟಿಗೆ ಹೊಸಲು ದಾಟಿದ್ರು. ಬೊಮ್ಮಿ ಬಗ್ಗಿ ಮಗೂನ ಎರಡೂ ಕೈಲಿ ಎತ್ತಿದ್ಲು. ಮಗು ಜಾರಲಿಲ್ಲ. ಅವಳು ಎದೆಗೆ ಅವುಚ್ಕೊಂಡ ರಭಸಕ್ಕೆ ಮಗು ಕಿಟಾರನೆ ಕಿರುಚ್ತು.

"ಉಸಿರು ಕಟ್ಟುತ್ತೆ ಕಣೆ ಕೂಸಿಗೆ! ಕೊಡು ಇಲ್ಲಿ!" ಅಂದ್ಲು ಸಾಕವ್ವ.

"ಕೊಡಲ್ಲ ಹೋಗವ್ವ."

"ಹೆತ್ತೋಳು ನೀನಾದ್ರೆ ನಿನ್ನ ಹೆತ್ತೋಳು ನಾನು! ಕೊಡೇ!"

"ಮೂರು ದಿನದ್ದು ಬಾಕಿ ಐತೆ. ಆಮೇಲೆ ಕೊಡ್ತೀನಿ."

ಅಷ್ಟರಲ್ಲಿ ಇಡೀ ಕೇರಿ ಬಾಗಿಲಲ್ಲಿ ಬಂದು ನಿಂತಿತ್ತು, ನನಗೊಂದು ಸಲ ಕೊಡು, ನನಗೊಂದು ಸಲ ಕೊಡು ಅಂತ ಹೊಸ ಕೈಗಳನ್ನ ಚಾಚ್ಕೊಂಡು. ಆ ಕೂಸು ಏಳು ವರ್ಷ ತುಂಬೋ ತನಕ ನೆಲ ಮುಟ್ಟಲಿಲ್ಲ. ಚಿಪ್ಪಿನಸೀಮೆ ಜನ ಅದನ್ನ ಕೈಯಿಂದ ಕೈಗೆ ದಾಟಿಸ್ತಾ, ಜಗಳ ಆಡ್ತಾ, ಹೊಟ್ಟೆ ತುಂಬ ಉಂಡು ಸುಖವಾಗಿದ್ರು.