ಎಡಗೈಯವನ ಹೆಸರು

ನಾನು ಅವನ ಎದುರು ಹೋಗಿ ನಿಂತದ್ದು ಅವನ ಕಣ್ಣು ನೋಡಿ ಅಲ್ಲ. ಅವನ ಎಡಗೈ ನೋಡಿ.

ಸೇತುವೆಗೆ ಅಡ್ಡಲಾಗಿ ಅರವತ್ತು ಪೊಲೀಸರು ಸಾಲಾಗಿ ನಿಂತಿದ್ದರು. ಐವತ್ತೊಂಬತ್ತು ಜನರ ಲಾಠಿ ಬಲಗೈಯಲ್ಲಿತ್ತು. ಒಬ್ಬನದು ಮಾತ್ರ ಎಡಗೈಯಲ್ಲಿ.

"ನನ್ನ ಕೈ ಮುರಿದವನು ಎಡಚ ಕಣೇ ನೆವೆಂಕ," ಎಂದು ಆಸ್ಪತ್ರೆಯಿಂದ ಬಂದ ದಿನ ಅಪ್ಪ ಹೇಳಿದ್ದ. "ಏಟು ಈ ಕಡೆಯಿಂದ ಬರುತ್ತೆ ಅಂತ ಓರೆಯಾದೆ. ಆ ಕಡೆಯಿಂದ ಬಂತು."

ಏಟು ಬಿದ್ದದ್ದು ಡಿಸೆಂಬರ್ ಇಪ್ಪತ್ನಾಲ್ಕಕ್ಕೆ, ಇದೇ ಸೇತುವೆಯ ಮೇಲೆ. ಅಪ್ಪನಿಗೆ ಅರವತ್ಮೂರು. ನಮ್ಮ ಬುರೆಕ್ ಅಂಗಡಿಯಲ್ಲಿ, ಹೂರಣ ತುಂಬಿ ಬೇಯಿಸುವ ಆ ಪದರದ ತಿಂಡಿಗೆಂದು ಹಿಟ್ಟಿನ ಹಾಳೆಯನ್ನು ಗಾಳಿಗೆ ಬೀಸಿ ಬೀಸಿ, ಅದರ ಆಚೆ ನಿಂತವರ ಮುಖ ಕಾಣುವಷ್ಟು ತೆಳ್ಳಗೆ ಮಾಡುತ್ತಿದ್ದ ಮನುಷ್ಯ. ಈಗ ಸೂಪಿನ ಚಮಚವನ್ನೂ ನಾನೇ ಹಿಡಿಯಬೇಕು. ಮೂಳೆ ಕೂಡಿಕೊಂಡರೂ ಬೆರಳು ಮೊದಲಿನಂತೆ ಆಡುವುದಿಲ್ಲ ಎಂದು ಡಾಕ್ಟರು ಅಪ್ಪನೆದುರೇ ಹೇಳಿಬಿಟ್ಟರು.

ನವೆಂಬರಿನಲ್ಲಿ ನಾವು ಗೆದ್ದ ನಗರಸಭೆಯ ಚುನಾವಣೆಯನ್ನು ಮೇಲಿನವರು ರದ್ದು ಮಾಡಿದ್ದರು. ಅಂದಿನಿಂದ ಇಡೀ ಊರು ದಿನವೂ ಮಧ್ಯಾಹ್ನ ಮೂರಕ್ಕೆ ಚೌಕದಿಂದ ಸೇತುವೆಯವರೆಗೆ ನಡೆಯುತ್ತಿತ್ತು. ಸೀಟಿ, ತಪ್ಪಲೆ, ಡೋಲು, ಏನು ಬೇಕಾದರೂ ಬಾರಿಸಬಹುದು. ನಿಯಮ ಒಂದೇ: ಕಲ್ಲು ಎತ್ತಬಾರದು, ಕೈ ಎತ್ತಬಾರದು. ಒಬ್ಬ ಕೈ ಎತ್ತಿದರೆ ಸಾಕು, ಅವರಿಗೆ ಬೇಕಾದದ್ದು ಸಿಕ್ಕಿಬಿಡುತ್ತದೆ.

ನಾನು ಕೈ ಎತ್ತಲಿಲ್ಲ. ಅದು ಎಷ್ಟು ಕಷ್ಟವಾಗಿತ್ತೆಂದು ನನ್ನ ಅಂಗೈಯಲ್ಲಿ ಮೂಡಿದ ಉಗುರಿನ ಗುರುತುಗಳಿಗೆ ಗೊತ್ತು.

"ಯಾರೋ ಒಬ್ಬ ಪೊಲೀಸ್ ಅಂತ ಬರೆದರೆ ಕೇಸ್ ನಿಲ್ಲಲ್ಲ," ಎಂದಿದ್ದರು ಲಾಯರ್. "ಹೆಸರು ತನ್ನಿ." ಆದರೆ ಅವರನ್ನೆಲ್ಲ ದೂರದ ಜಿಲ್ಲೆಗಳಿಂದ ತಂದಿದ್ದರು. ಹೆಲ್ಮೆಟ್ಟಿನ ಮೇಲೆ ನಂಬರ್ ಇಲ್ಲ. ತಮ್ಮ ಹೆಸರು ಹೇಳಿದರೆ ಅವರ ಕೆಲಸ ಹೋಗುತ್ತದೆ.

ಸರಿ, ಹೆಸರನ್ನು ನಾನೇ ತೆಗೆಯುತ್ತೇನೆ ಎಂದುಕೊಂಡೆ. ಹೆಂಗಸರು ದಿನವೂ ಆ ಸಾಲಿನ ಎದುರು ಒಂದು ತೋಳಿನ ದೂರದಲ್ಲಿ ನಿಲ್ಲುತ್ತಿದ್ದರು. ಒಬ್ಬೊಬ್ಬಳಿಗೂ ಅವಳದೇ ಒಬ್ಬ ಪೊಲೀಸ್ ಇದ್ದ. ಕೆಲವರು ಗುರಾಣಿಗೆ ಹೂ ಸಿಕ್ಕಿಸುತ್ತಿದ್ದರು, ಕೆಲವರು ಕನ್ನಡಿ ಹಿಡಿದು "ನಿನ್ನ ಮುಖ ನೀನೇ ನೋಡಿಕೋ" ಎನ್ನುತ್ತಿದ್ದರು. ನಾನು ಬುರೆಕ್ ತೆಗೆದುಕೊಂಡು ಹೋದೆ.

"ತಿನ್ನಿ. ವಿಷ ಹಾಕಿಲ್ಲ," ಎಂದೆ.

ಅವನು ನನ್ನ ತಲೆಯ ಮೇಲಿಂದ ಎಲ್ಲಿಗೋ ನೋಡುತ್ತಿದ್ದ.

"ಇವನಿಗೆ ಬಾಯಿ ಇಲ್ವೇನೇ ನೆವೆಂಕ?" ಪಕ್ಕದಲ್ಲಿ ನಿಂತ ಕೊಸಾರತ್ತೆ ಸೀಟಿಯನ್ನು ಬಾಯಿಂದ ತೆಗೆದು ಕೇಳಿದಳು. ನಮ್ಮ ಪಕ್ಕದ ಮನೆಯವಳು, ಎಪ್ಪತ್ತು ದಾಟಿದವಳು, ಒಂದು ದಿನವೂ ತಪ್ಪಿಸಿದವಳಲ್ಲ.

"ಇದೆ ಅತ್ತೆ. ತೆರೆಯೋಕೆ ಮೇಲಿಂದ ಆರ್ಡರ್ ಬರಬೇಕು."

ಹೆಲ್ಮೆಟ್ಟಿನ ಗಾಜಿನ ಹಿಂದೆ ತುಟಿಯ ಒಂದು ಕೊನೆ ಅಲುಗಿತು. ಅಷ್ಟೇ. ಅಲುಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ನಾಲ್ಕನೆಯ ದಿನ ಅವನು ಪೊಟ್ಟಣ ತೆಗೆದುಕೊಂಡ. ಗಾಜನ್ನು ಅರ್ಧ ಎತ್ತಿ, ಕದ್ದು ತಿನ್ನುವ ಮಗುವಿನ ಹಾಗೆ ಎರಡೇ ತುತ್ತಿಗೆ ಮುಗಿಸಿದ.

"ಉಪ್ಪು ಕಡಿಮೆ."

"ಅಯ್ಯೋ, ಮಾತೂ ಬರುತ್ತೆ! ನಮ್ಮಪ್ಪ ಮಾಡಿದ್ರೆ ಸರಿಯಾಗಿರ್ತಿತ್ತು. ಅವನೀಗ ಮಾಡಲ್ಲ."

"ಯಾಕೆ?"

"ಕೈ ನೋವು."

ಅವನು ಎಣ್ಣೆ ಅಂಟಿದ ಕಾಗದವನ್ನು ನಾಲ್ಕು ಮಡಿಕೆ ಮಾಡಿದ. ಎಂಟು ಮಡಿಕೆ ಮಾಡಿದ.

ಮರುದಿನ ನಾನೇ ಶುರುಮಾಡಿದೆ. "ನಿಮ್ಮ ಹೆಸರೇನು?"

"ಹೇಳೋ ಹಾಗಿಲ್ಲ."

"ಮತ್ತೆ ಏನಂತ ಕರೀಲಿ?"

"ಕರೀಬೇಡಿ. ಹೀಗೇ ಬಂದು ನಿಂತ್ಕೊಳ್ಳಿ."

ಇದು ಬಲೆ ಕಣೇ, ನೀನು ಹೆಣೆಯುತ್ತಿರುವ ಬಲೆ ಎಂದು ಹೇಳಿಕೊಂಡೆ. ಅಂದು ಮನೆಗೆ ಹೋಗಿ ಅಪ್ಪನಿಗೆ ಸೂಪು ಕುಡಿಸುವಾಗ, ಅದು ಅಪ್ಪನ ಗಲ್ಲದ ಮೇಲೆ ಹರಿದಾಗ, ಮತ್ತೆ ದ್ವೇಷ ಹದಕ್ಕೆ ಬಂತು. ಹೀಗೆಯೇ ನಡೆಯಿತು ಮೂರು ವಾರ: ಮಧ್ಯಾಹ್ನ ಕರಗುವುದು, ಸಂಜೆ ಗಟ್ಟಿಯಾಗುವುದು.

ಒಂದು ದಿನ ನದಿಯ ಕಡೆಯಿಂದ ಹಿಮ ಬೆರೆತ ಮಳೆ ಮುಖಕ್ಕೆ ಬಡಿಯುತ್ತಿತ್ತು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಇದ್ದಕ್ಕಿದ್ದಂತೆ ಬಡಿಯುವುದು ನಿಂತಿತು. ಕಣ್ಣು ಬಿಟ್ಟೆ. ಅವನು ಗುರಾಣಿಯನ್ನು ಒಂದಿಷ್ಟು ಓರೆ ಮಾಡಿದ್ದ, ಯಾರಿಗೂ ಗೊತ್ತಾಗದ ಹಾಗೆ, ನನ್ನ ಮುಖದಷ್ಟೇ ಅಗಲದ ಜಾಗಕ್ಕೆ. ಕಾಲು ಗಂಟೆ ಹಾಗೆಯೇ ಹಿಡಿದಿದ್ದ. ತೋಳು ನಡುಗುತ್ತಿತ್ತು. ನೋಡಬೇಡ ಎಂದು ನನಗೆ ನಾನೇ ಹೇಳಿಕೊಂಡೆ, ನೋಡಿದೆ. ಅವನ ರೆಪ್ಪೆಗಳ ಮೇಲೆ ಹಿಮದ ಹುಡಿ ಕೂತಿತ್ತು.

ಆ ದಿನ ಅವನನ್ನು ಎಲ್ಲ ದಿನಗಳಿಗಿಂತ ಹೆಚ್ಚು ದ್ವೇಷಿಸಿದೆ. ಅಪ್ಪನ ಮೇಲೆ ಬೀಳುವಾಗ ಇನ್ನೊಂದು ತೋಳು ಹೀಗೆ ನಡುಗಿತ್ತೇ?

"ಸೇಡು ತೀರಿಸಿಕೊಳ್ಳೋಕೆ ಲಿಪ್‌ಸ್ಟಿಕ್ ಬೇರೆ ಬೇಕಾ?" ಮರುದಿನ ಮೆಟ್ಟಿಲಲ್ಲಿ ಕೊಸಾರತ್ತೆ ಅಡ್ಡಗಟ್ಟಿದಳು. ಅವಳಿಗೆ ಮಾತ್ರ ಎಲ್ಲ ಹೇಳಿದ್ದೆ.

"ಬಲೆ ಚೆನ್ನಾಗಿ ಕಾಣಬೇಡವಾ?"

"ಕಾಣ್ತಿದೆ. ಬಲೆ ಹಾಕಿದವಳು ಅದರೊಳಗೇ ನಿಂತಿರೋದೂ ಕಾಣ್ತಿದೆ. ಹುಷಾರು ಮಗಳೇ. ನಿಮ್ಮಪ್ಪ ಮಿಲಿವೊಯೆಗೆ ಒಂದು ಕೈ ಹೋಗಿದೆ, ಮಗಳೂ ಹೋದ್ರೆ ಅವನು ತಡ್ಕೊಳ್ಳಲ್ಲ."

ಜನವರಿ ಮೂವತ್ತರಂದು ಅವನೇ ಮೊದಲು ಮಾತಾಡಿದ.

"ನಾಳೆ ಇಲ್ಲಿ ಬೇರೆಯವನು ನಿಂತಿರ್ತಾನೆ. ಅವನಿಗೆ ಬುರೆಕ್ ಕೊಡ್ಬೇಡಿ."

"ಹೊಟ್ಟೆಕಿಚ್ಚಾ?"

"ಹೂಂ."

ಎಷ್ಟು ಸಲೀಸಾಗಿ ಹೇಳಿಬಿಟ್ಟ. ನನ್ನ ಕಿವಿ ಬಿಸಿಯಾಯಿತು. "ನೀವೆಲ್ಲಿಗೆ?"

"ಊರಿಗೆ. ಒಂದು ದಿನ ರಜೆ ಕೊಟ್ಟಿದ್ದಾರೆ. ನಾಳೆ ನಮ್ಮನೆ ಸ್ಲಾವ, ಸಂತ ಅತನಾಸಿಯೆ."

"ಅಪರೂಪದ ಸಂತ."

"ದ್ರೆನೊವಿತ್ಸದಲ್ಲಿ ನಮ್ಮದೊಂದೇ ಮನೆ," ಎಂದ ಹೆಮ್ಮೆಯಿಂದ. "ಉಳಿದವರೆಲ್ಲ ನಿಕೋಲನವರು."

ಸ್ಲಾವ ಎಂದರೆ ವರ್ಷಕ್ಕೊಮ್ಮೆ ಬರುವ ಮನೆಯ ಸಂತನ ಹಬ್ಬ. ಹೆಸರು ಹೇಳಬಾರದೆಂದು ಆರ್ಡರ್ ಹೊರಡಿಸಿದವರಿಗೆ ಮನೆಯ ಸಂತನ ನೆನಪಾಗಿರಲಿಲ್ಲ. ತಂದೆಯಿಂದ ಮಗನಿಗೆ ಬರುವ ಆ ಸಂತನನ್ನು ನಮ್ಮ ಗಂಡಸರು ಬಚ್ಚಿಡುವುದಿಲ್ಲ; ಬಚ್ಚಿಡಬೇಕೆಂದು ಅವರಿಗೆ ಹೊಳೆಯುವುದೂ ಇಲ್ಲ.

ಬೆಳಗಿನ ಬಸ್ಸಿಗೆ ದ್ರೆನೊವಿತ್ಸದಲ್ಲಿ ಇಳಿದೆ. ಕಟ್ಟಿಗೆ ಎಳೆಯುತ್ತಿದ್ದ ಮುದುಕನೊಬ್ಬ ನಾನು ಕೇಳುವ ಮೊದಲೇ ನಿಂತ.

"ಅತನಾಸಿಯೆ ಮಾಡೋ ಮನೆನಾ? ಸ್ತೊಯ್ಕೊವಿಚರದು. ಅಗೋ, ಹೊಗೆ ಏಳ್ತಿದೆಯಲ್ಲ, ಅದು. ರುಜಿತ್ಸ ಒಬ್ಬಳೇ ಇರೋದು. ಮಗ ತಿಹೊಮಿರ್ ಪೊಲೀಸು. ನಿನ್ನೆ ಬಂದಿದ್ದಾನೆ."

ಹೆಸರು ಸಿಕ್ಕಿತು. ಅದೇ ಬಸ್ಸು ಹತ್ತು ನಿಮಿಷಕ್ಕೆ ತಿರುಗಿ ಹೊರಡುತ್ತಿತ್ತು. ಹತ್ತಿದ್ದರೆ ಮಧ್ಯಾಹ್ನಕ್ಕೆ ಲಾಯರ ಮುಂದೆ ಇರುತ್ತಿದ್ದೆ. ನಾನು ಹೊಗೆಯ ಕಡೆಗೆ ನಡೆದೆ. ಕಾಗದದ ಮೇಲಿನ ಸೇಡು ಸಾಲದು, ಅವನ ಮುಖ ನೋಡಬೇಕು ಎಂದುಕೊಂಡೆ. ಅದರಲ್ಲಿ ಅರ್ಧ ನಿಜವಿತ್ತು.

ಸ್ಲಾವಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಯಾರೂ ಕಳಿಸುವುದೂ ಇಲ್ಲ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಉದ್ದನೆಯ ಮೇಣದ ಬತ್ತಿ, ಶಿಲುಬೆಯಿಟ್ಟ ರೊಟ್ಟಿ, ಮೀನಿನ ಸಾರಿನ ಬೋಗುಣಿ, ಸುತ್ತ ಹತ್ತು ಹನ್ನೆರಡು ನೆಂಟರು. ಮನೆಯ ಯಜಮಾನ ಅಂದು ಕೂರುವಂತಿಲ್ಲ. ಅವನು ಬಿಳಿ ಅಂಗಿಯಲ್ಲಿ, ವೈನಿನ ಹೂಜಿ ಹಿಡಿದು ನಿಂತಿದ್ದ. ಹೆಲ್ಮೆಟ್ಟಿಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು. ಕಿವಿಯ ಹತ್ತಿರ ಕೂದಲು ನರೆತಿತ್ತು. ನಲವತ್ತರ ಆಸುಪಾಸಿನ, ಸುಸ್ತಾದ, ನಾಚಿಕೆಯ ಗಂಡಸು.

ನನ್ನನ್ನು ಕಂಡ ಕ್ಷಣ ಅವನ ಮುಖ ಅರಳಿತು. ಮರುಕ್ಷಣ ಬಿಳಿಚಿತು. ಎರಡನ್ನೂ ನಾನು ಹಸಿದವಳ ಹಾಗೆ ನೋಡಿದೆ.

"ಬಾಮ್ಮ, ಬಾ, ಚಳಿ ಒಳಗೆ ಬರುತ್ತೆ," ಎಂದು ಅವನ ತಾಯಿ ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನು ಒಂದು ಚಮಚ ನನ್ನ ಕೈಗಿಟ್ಟಳು. ಬಂದವರು ಮೊದಲು ಅದನ್ನು ತಿಂದು ಮನೆಗೆ ಒಳ್ಳೆಯದನ್ನು ಹಾರೈಸಬೇಕು.

ನಾನು ಚಮಚ ಹಿಡಿದುಕೊಂಡೇ ನಿಂತೆ.

"ಯಾಕಮ್ಮ, ಅಕ್ರೋಟು ಆಗಲ್ವಾ?"

"ತಿಂದರೆ ಈ ಮನೆಗೆ ಒಳ್ಳೇದಾಗಲಿ ಅನ್ನಬೇಕು. ನನ್ನ ಬಾಯಲ್ಲಿ ಅದು ಬರಲ್ಲ, ಅಮ್ಮ."

ನಾನು ಹೇಳಿದೆ. ಸೇತುವೆ, ಇಪ್ಪತ್ನಾಲ್ಕನೆಯ ತಾರೀಖು, ಎಡಗೈ, ಅಪ್ಪನ ಬೆರಳುಗಳು, ಸೂಪು. ಧ್ವನಿ ಏರಿಸಲಿಲ್ಲ. "ಸುಳ್ಳಾದರೆ ನಿಮ್ಮ ಮಗನೇ ಹೇಳಲಿ."

"ನಿಜ," ಎಂದ ತಿಹೊಮಿರ್.

"ನಾನು ಅವನ ಮಗಳು ಅಂತ ಗೊತ್ತಿತ್ತಾ?"

"ಕೈ ನೋವು ಅಂದಿರಲ್ಲ, ಆವತ್ತೇ ಅನುಮಾನ ಬಂತು. ಕೇಳೋಕೆ ಹೆದರಿದೆ. ಕೇಳಿದ್ರೆ ಮರುದಿನ ನೀವು ಬರ್ತಿರಲಿಲ್ಲ." ಅವನು ಹೂಜಿಯನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದಿದ್ದ. "ನಿನ್ನೆ ಊರಿನ ಹೆಸರು ಬಾಯಿತಪ್ಪಿ ಬಂತು. ಬಸ್ಸಲ್ಲಿ ಕೂತ ಮೇಲೆ ಗೊತ್ತಾಯ್ತು. ಬೆಳಗಿಂದ ಬಾಗಿಲೇ ನೋಡ್ತಿದ್ದೀನಿ. ಬರಬಾರದು ಅಂತ ಬೇಡ್ಕೊಂಡೆ. ನೀವು ಬರದಿದ್ರೆ ಏನ್ಮಾಡೋದು ಅಂತಲೂ ಅನ್ನಿಸ್ತು."

ಒಬ್ಬ ಮಾವ ಕುರ್ಚಿ ಸರಿಸಿ ಎದ್ದ. "ಡ್ಯೂಟಿ ಅಮ್ಮಾ ಅದು, ಅವನೇನು ಬೇಕು ಅಂತ..."

"ನೀನು ಕೂತ್ಕೋ," ಎಂದಳು ರುಜಿತ್ಸ. ನನ್ನ ಕೈಯಿಂದ ಚಮಚವನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು. "ತಿನ್ನಬೇಡ ಮಗಳೇ. ನೀನು ಸರಿ." ಆಮೇಲೆ ಮಗನ ಕಡೆ ತಿರುಗಿ ಹೇಳಿದಳು: "ಬೆಳಗಿಂದ ನಿಂತೇ ಇದ್ದಾನೆ, ಕಾಲು ನೋಯುತ್ತೇನೋ ಅಂತ ಮರುಗ್ತಿದ್ದೆ. ನಿಂತಿರಲಿ."

ಅವನು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ಹಿಮದಲ್ಲಿ ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ.

"ಲಾಯರಿಗೆ ಹೆಸರು ಕೊಡಿ," ಎಂದ.

"ಕೊಡ್ತೀನಿ. ಅದು ಸಾಲಲ್ಲ. ಅಪ್ಪ ಬಿದ್ದ ಜಾಗದಲ್ಲಿ ನಿಂತು, ಊರೆಲ್ಲ ಕೇಳೋ ಹಾಗೆ ನೀವೇ ಹೇಳಬೇಕು."

"ಕೆಲಸ ಹೋಗುತ್ತೆ."

"ಅಪ್ಪನ ಕೆಲಸ ಹೋಯ್ತು."

ಬಸ್ಸು ಹೊರಟಾಗ ಹಿಂತಿರುಗಿ ನೋಡಬಾರದೆಂದು ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು ಬರದಿದ್ದರೆ ನನ್ನ ದ್ವೇಷ ಸರಿ ಎಂದಾಗುತ್ತದೆ. ಬರದಿರಲಿ ಎಂದು ಒಂದು ಸಲವೂ ಬೇಡಿಕೊಳ್ಳಲು ನನ್ನಿಂದಾಗಲಿಲ್ಲ.

ಮೂರನೆಯ ದಿನ ಬಂದ. ಹಳೆಯ ಕಂದು ಕೋಟು, ಬರಿತಲೆ. ಪೊಲೀಸರ ಸಾಲಿನ ಹಿಂದಿನಿಂದ ಬಂದು, ತನ್ನ ಜೊತೆಯವರ ನಡುವೆ ದಾರಿ ಮಾಡಿಕೊಂಡು, ನಮ್ಮ ಕಡೆಗೆ ದಾಟಿದ. ಅವರಲ್ಲೊಬ್ಬ ಅವನ ಬೂಟಿನ ಹತ್ತಿರ ಉಗಿದ. ಭಾಷಣಕ್ಕೆಂದು ನಿಲ್ಲಿಸಿದ್ದ ನಮ್ಮ ಲಾರಿಯ ಮೇಲೆ ಹತ್ತಿ ಮೈಕು ಹಿಡಿದ.

"ನಾನು ದ್ರೆನೊವಿತ್ಸದ ತಿಹೊಮಿರ್ ಸ್ತೊಯ್ಕೊವಿಚ್. ಬುರೆಕ್ ಅಂಗಡಿಯ ಮಿಲಿವೊಯೆಯವರ ಕೈ ಮುರಿದವನು ನಾನು. ಅವರು ನನಗೆ ಏನೂ ಮಾಡಿರಲಿಲ್ಲ. ಹೊಡಿ ಅಂದವರು ಯಾರು ಅಂತ ಲಾಯರ ಹತ್ರ ಬರೆದು ಸಹಿ ಹಾಕಿದ್ದೀನಿ."

ಹತ್ತು ಸಾವಿರ ಸೀಟಿಗಳು ಒಟ್ಟಿಗೆ ನಿಂತವು. ಲಾರಿಯಿಂದ ಇಳಿದವನು ಮುಖ ತಗ್ಗಿಸಿ ಕಾದ. ಯಾರೂ ಮುಟ್ಟಲಿಲ್ಲ. ಜನ ಸರಿದು ಅವನ ಸುತ್ತ ಎರಡೆರಡು ಮಾರು ಜಾಗ ಬಿಟ್ಟರು. ಕೊಸಾರತ್ತೆ ಸಹ ಬೈಯಲಿಲ್ಲ. ಅಂದು ನನ್ನ ಜೊತೆ ಬಂದಿದ್ದ ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನನ್ನು ತುಂಬ ಹೊತ್ತು ನೋಡಿದ. ಆಮೇಲೆ "ಹೊತ್ತಾಯ್ತು, ನಡೀರಿ," ಎಂದು ವಾಪಸು ನಡೆದ.

ನಾನು ಆ ಖಾಲಿ ಜಾಗಕ್ಕೆ ಹೋದೆ.

"ಒಬ್ಬರಾದ್ರೂ ಹೊಡೀಬಾರದಾ?" ಎಂದ. ಅವನ ಗಲ್ಲ ಒದ್ದೆಯಾಗಿತ್ತು.

"ಅಷ್ಟು ಸುಲಭವಾಗಿ ಬಿಟ್ಟುಬಿಡ್ತೀವಾ?"

"ನೀನಾದ್ರೂ ಹೊಡಿ, ನೆವೆಂಕ."

ಅವನ ಬಾಯಲ್ಲಿ ನನ್ನ ಹೆಸರು. ಆರು ವಾರ ಜೋಪಾನ ಮಾಡಿದ ಏಟು ನನ್ನ ಬಲಗೈಯಲ್ಲಿ ಇನ್ನೂ ಬೆಚ್ಚಗಿತ್ತು. ಆ ಕೈಯನ್ನು ಅವನ ಗಲ್ಲದವರೆಗೆ ಎತ್ತಿದೆ, ಒರೆಸಿದೆ.

"ಕ್ಷಮಿಸಿಲ್ಲ," ಎಂದೆ.

"ಗೊತ್ತು."

"ಪ್ರೀತಿ ಮಾಡ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವನು ತಲೆಯಾಡಿಸಿದ.

"ನಾಳೆ ಬೆಳಿಗ್ಗೆ ನಾಲ್ಕಕ್ಕೆ ಅಂಗಡಿಗೆ ಬಾ. ಹಿಟ್ಟು ಬೀಸೋದು ಕಲಿ. ಅಪ್ಪ ಬೈತಾನೆ, ಹಾಳೆ ಹರಿದಾಗಲೆಲ್ಲ ಬೈತಾನೆ. ಅವನು ಸರಿಯಾಯ್ತು ಅನ್ನೋವರೆಗೂ ನಿನ್ನನ್ನ ಎಲ್ಲಿಗೂ ಬಿಡಲ್ಲ."

"ಎಷ್ಟು ದಿನ ಬೇಕಾಗುತ್ತೆ?"

"ಅವನಿಗೆ ನಲವತ್ತು ವರ್ಷ ಬೇಕಾಯ್ತು."

ಮುಂದೆ ಯಾರೋ ಮತ್ತೆ ಡೋಲು ಬಾರಿಸಿದರು. ಜನ ಚೌಕದ ಕಡೆ ತಿರುಗಿ ಹೊರಟರು. ನಾವಿಬ್ಬರೂ ಅವರ ಜೊತೆ ಹೊರಟೆವು.